ದೂರುಗಲ್ಲಿನಿಂದ ಇಳಿಯದವಳು

ಆ ನದಿಗೆ ಇದೇ ಹೆಸರು ಅಂತ ಇರಲಿಲ್ಲ. ದಂಡೆಯ ಮೇಲೆ ಒಂಬತ್ತು ಊರುಗಳಿದ್ದವು, ಒಂಬತ್ತು ಭಾಷೆಗಳಿದ್ದವು, ಒಂದೊಂದು ಊರಿನವರು ಒಂದೊಂದು ಹೆಸರಿಟ್ಟು ಕರೆಯುತ್ತಿದ್ದರು. ನದಿ ಯಾವ ಹೆಸರಿಗೂ ತಿರುಗಿ ನೋಡದೆ ಬೆಟ್ಟದಿಂದ ಕಡಲಿಗೆ ಹರಿಯುತ್ತಿತ್ತು.

ಹಿಂದೆ ಆ ಒಂಬತ್ತೂರಿನವರು ಬಡಿದಾಡಿದ್ದರು. ಬಡಿದಾಡಿ, ಹೆಣ ಹೊತ್ತು, ಹೊತ್ತು ಹೊತ್ತು ದಣಿದು, ಒಂದು ದಿನ ಒಂದೇ ಚಪ್ಪರದಡಿ ಕೂತು ಒಂದು ಕಟ್ಟಳೆ ಮಾಡಿಕೊಂಡರು. ಅದನ್ನು ಒಂಬತ್ತು ಕಲ್ಲುಗಳ ಮೇಲೆ ಒಂಬತ್ತು ಲಿಪಿಗಳಲ್ಲಿ ಕೆತ್ತಿಸಿ ಊರಿಗೊಂದರಂತೆ ನೆಟ್ಟರು. ಕಟ್ಟಳೆಯಲ್ಲಿದ್ದದ್ದು ನಾಲ್ಕೇ ಮಾತು.

ನೀರು ಕೆಡುವ ಮೊದಲೇ ತಡೆಯತಕ್ಕದ್ದು.

ಕೆಡಿಸಿದವನೇ ತೊಳೆಯತಕ್ಕದ್ದು.

ಅನುಮಾನ ಬಂದರೆ ತೀರ್ಪು ನೀರಿನ ಕಡೆಗೆ.

ತನ್ನಂತೆ ಮತ್ತೊಬ್ಬರು ನೊಂದಿಲ್ಲದವರೇ ದೂರು ಹೇಳಲು ದೂರುಗಲ್ಲು ಹತ್ತತಕ್ಕದ್ದು.

ಮೊದಲ ಮೂರು ಮಾತುಗಳನ್ನು ಮಕ್ಕಳು ಆಟವಾಡುವಾಗಲೂ ಹೇಳಿಕೊಳ್ಳುತ್ತಿದ್ದವು. ನಾಲ್ಕನೆಯದು ಕಲ್ಲಿನ ಬುಡದಲ್ಲಿತ್ತು, ಪಾಚಿ ಕಟ್ಟಿತ್ತು. ಅದನ್ನು ಬಗ್ಗಿ ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಐದನೆಯ ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಆ ಊರಿನಲ್ಲಿ ಹುಟ್ಟಿದವರೆಲ್ಲ ಮೊದಲು ಬಿದ್ದದ್ದು ಅವಳ ಕೈಗೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ನದಿಯಿಂದ ತಂದ ಮೂರು ಚೊಂಬು ನೀರು ಹೊಯ್ಯುತ್ತಿದ್ದಳು. ತಲೆಗೊಂದು, ಎದೆಗೊಂದು, ಕಾಲಿಗೊಂದು. ಆಮೇಲೆ ಬೆರಳದ್ದಿ ಒಂದು ತೊಟ್ಟು ತುಟಿಗೆ. ತಣ್ಣೀರು ಸೋಕಿದ ಮಗು ಕಿರುಚಬೇಕು, ಆ ಕಿರುಚು ಆಚೆ ದಂಡೆಗೆ ಕೇಳಬೇಕು, ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು ತಲೆಯೆತ್ತಿ, "ಯಾರದೋ ಮನೆ ತುಂಬಿತು" ಅನ್ನಬೇಕು. ಅವಳ ತಾಯಿ ಹಾಗೆಯೇ ಮಾಡಿದ್ದಳು, ತಾಯಿಯ ತಾಯಿಯೂ ಹಾಗೆಯೇ.

ಮೂರನೆಯ ಊರಿನಲ್ಲಿ ಒಬ್ಬ ಬಣ್ಣದೊಡೆಯ ಒಂದು ನೀಲಿ ಕಂಡುಹಿಡಿದ. ಅಂಥ ನೀಲಿಯನ್ನು ಅದುವರೆಗೆ ಆಕಾಶವೂ ಉಟ್ಟಿರಲಿಲ್ಲ. ಒಂದೇ ವರ್ಷದಲ್ಲಿ ಒಂಬತ್ತೂರಿನವರೂ ನೀಲಿ ಉಟ್ಟರು. ಮದುವೆಗೆ ನೀಲಿ, ಸಾವಿಗೆ ನೀಲಿ, ತೀರ್ಪಿನವರ ಹೆಗಲಿಗೆ ನೀಲಿ ಶಾಲು. ಸೂಲಗಿತ್ತಿಯೂ ಒಂದು ನೀಲಿ ಸೀರೆ ತಂದುಕೊಂಡಳು. ಉಟ್ಟುಕೊಂಡು ನದಿಯಲ್ಲಿ ತನ್ನ ನೆರಳು ನೋಡಿಕೊಂಡಾಗ ಅವಳಿಗೂ ಖುಷಿಯಾಗಿತ್ತು.

ಬಣ್ಣದ ಬಾನಿಗಳನ್ನು ತೊಳೆದ ನೀರು ನದಿಗಿಳಿಯಿತು. ಮೊದಲು ನೂಲಿನೆಳೆಯಷ್ಟು, ಆಮೇಲೆ ಸೆರಗಿನಷ್ಟು. ಚೊಂಬಿನಲ್ಲಿ ಮೊಗೆದರೆ ನೀರು ತಿಳಿಯಾಗಿಯೇ ಕಾಣುತ್ತಿತ್ತು. ಸೂಲಗಿತ್ತಿಯ ಅಂಗೈ ಮಾತ್ರ ದಿನದಿನಕ್ಕೆ ನೀಲಿಗಟ್ಟುತ್ತ ಬಂತು. ಸೀಗೆ ಹಾಕಿ ಉಜ್ಜಿದಳು, ಬೂದಿ ಹಾಕಿ ಉಜ್ಜಿದಳು. ಹೋಗಲಿಲ್ಲ.

ಆ ವರ್ಷ ಕುಂಬಾರರ ಸೊಸೆ ಹೆಣ್ಣು ಹೆತ್ತಳು. ಬೆಳಗಾಗುವ ಹೊತ್ತು. ಮಗು ಹುಟ್ಟುತ್ತಲೇ ಅತ್ತಿತು. ಸೂಲಗಿತ್ತಿ ಮೂರು ಚೊಂಬು ಹೊಯ್ದಳು, ತುಟಿಗೆ ತೊಟ್ಟು ನೀರಿಟ್ಟಳು. ಅಳು ಕತ್ತರಿಸಿದಂತೆ ನಿಂತಿತು.

"ಅಜ್ಜೀ, ಯಾಕೆ ಸುಮ್ಮನಾಯ್ತು?" ಎಂದಳು ಕುಂಬಾರರ ಸೊಸೆ.

"ದಣಿದಿದೆ ಕಣವ್ವಾ. ನಾಳೆ ಅಳುತ್ತೆ."

ನಾಳೆಯೂ ಅಳಲಿಲ್ಲ. ಹಸಿವಾದಾಗ ಬಾಯಿ ತೆರೆಯುತ್ತಿತ್ತು, ಮುಖ ಕೆಂಪಾಗುತ್ತಿತ್ತು, ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ದನಿ ಇರಲಿಲ್ಲ. ಆ ತಿಂಗಳು ಇನ್ನೂ ಮೂರು ಮಕ್ಕಳು ಹಾಗೆಯೇ ಆದವು. ಮುಂದಿನ ತಿಂಗಳು ಐದು. ಆಚೆ ದಂಡೆಯವರು ಈಗ ಬಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ.

ಬೆಟ್ಟದ ಮೇಲಿನ ಕಲ್ಲುಕುಟಿಗನ ಹೆಂಡತಿಗೆ ಹೆರಿಗೆಯಾದಾಗ ಸೂಲಗಿತ್ತಿ ಅಲ್ಲಿಯ ಒರತೆಯ ನೀರನ್ನೇ ಹೊಯ್ದಳು. ಆ ಗಂಡುಮಗು ಬೆಟ್ಟ ಬಿರಿಯುವಂತೆ ಅತ್ತಿತು. ಸೂಲಗಿತ್ತಿ ಅದನ್ನು ಎದೆಗವುಚಿಕೊಂಡು ತಾನೂ ಅತ್ತಳು. ಅಂದಿನಿಂದ ಎಲ್ಲ ಕೂಸುಗಳಿಗೂ ಒರತೆಯ ನೀರನ್ನೇ ಹೊತ್ತು ತಂದಳು. ಆದರೆ ಒರತೆ ಎಷ್ಟು ಮಂದಿಗೆ ಸಾಕಾಗುತ್ತದೆ? ಬೇಸಗೆಯಲ್ಲಿ ಅದು ಬತ್ತಿತು. ಕಲ್ಲುಕುಟಿಗನ ಮಗು ಅನ್ನ ತಿನ್ನುವ ಕಾಲಕ್ಕೆ ನದಿಯ ನೀರು ಕುಡಿಯಿತು, ಕುಡಿದ ಮಧ್ಯಾಹ್ನವೇ ಮೂಕವಾಯಿತು.

ಆಗ ಸೂಲಗಿತ್ತಿ ತನ್ನ ನೀಲಿ ಕೈಗಳನ್ನು ನೋಡಿದಳು. ಮೂರನೆಯ ಊರಿನ ಕಡೆ ನೋಡಿದಳು. ಕಟ್ಟಳೆಯ ಕಲ್ಲಿಗೆ ಹೋಗಿ ಕೈಮುಗಿದು ಮೂರು ಮಾತುಗಳನ್ನೂ ಓದಿದಳು. ಅವಳಿಗೆ ಧೈರ್ಯ ಬಂತು. ಇಷ್ಟು ಒಳ್ಳೆಯ ಕಟ್ಟಳೆ ಇರುವಾಗ ಹೆದರಿಕೆಯೇಕೆ?

ದೂರುಗಲ್ಲು ಇದ್ದದ್ದು ಒಂಬತ್ತನೆಯ ಊರಿನಲ್ಲಿ, ನದಿ ಕಡಲು ಸೇರುವಲ್ಲಿ. ಸೂಲಗಿತ್ತಿ ಕುಂಬಾರರ ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ದಂಡೆ ಹಿಡಿದು ನಡೆದಳು. ಆರನೆಯ ಊರು ದಾಟಿದರು, ಏಳು ದಾಟಿದರು, ಎಂಟು ದಾಟಿದರು. ಎಲ್ಲೂ ತೊಟ್ಟಿಲಿನ ಸದ್ದಿತ್ತು, ಮಕ್ಕಳ ಸದ್ದಿರಲಿಲ್ಲ.

ದೂರುಗಲ್ಲು ಆಳೆತ್ತರದ ಕರಿಬಂಡೆ. ಅದರ ನೆತ್ತಿಯಲ್ಲಿ ಒಂದೊಂದು ಪಾದ ಮಾತ್ರ ಹಿಡಿಯುವ ಎರಡು ಕುಳಿ. ಎದುರಿಗೆ ಮೂವರು ತೀರ್ಪಿನವರು ಕೂರುತ್ತಿದ್ದರು. ಬಂಡೆಯ ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಮುದುಕ. ಬಂದವರನ್ನು ಮೂರು ಸಲ ಕೇಳುವುದೇ ಅವನ ಕೆಲಸ, ಅವನನ್ನು ಕೇಳುವಾತ ಅಂತಲೇ ಎಲ್ಲರೂ ಕರೆಯುತ್ತಿದ್ದರು.

ಸೂಲಗಿತ್ತಿ ಹತ್ತಲು ಕಾಲೆತ್ತಿದಳು. ಕೇಳುವಾತ ಕೋಲು ಅಡ್ಡ ಹಿಡಿದ.

"ನಿನ್ನಂತೆ ನೊಂದವರು ಇನ್ನೊಬ್ಬರಿದ್ದಾರಾ?"

"ಇದ್ದಾರೆ ಸ್ವಾಮಿ. ಇಗೋ ಇವಳಿದ್ದಾಳೆ. ನಮ್ಮೂರಲ್ಲೇ ನಲವತ್ತೊಂದು ಮಕ್ಕಳಿದ್ದಾವೆ. ಕೆಳಗಿನ ಊರುಗಳಲ್ಲೂ..."

"ಹಾಗಾದ್ರೆ ಇಳಿ ತಾಯಿ."

"ಇನ್ನೂ ಹತ್ತೇ ಇಲ್ಲವಲ್ಲ!"

"ಹತ್ತೋ ಹಾಗಿಲ್ಲ. ನಾಲ್ಕನೇ ಮಾತು ಓದಿಲ್ವಾ? ನಿನ್ನ ನೋವು ನಿನ್ನದೊಂದೇ ಆಗಿರಬೇಕು. ಎಲ್ಲರಿಗೂ ಆದ ನೋವನ್ನ ಹೊತ್ತುಕೊಂಡು ಎಲ್ಲರೂ ಹತ್ತಿದ್ರೆ ಈ ಕಲ್ಲು ತಡೆಯುತ್ತಾ?"

ಅವನು ಒರಟಾಗಿ ಹೇಳಲಿಲ್ಲ. ದಿನಾ ಹೇಳಿ ಹೇಳಿ ನುಣುಪಾದ ಮಾತು ಅದು. ಸೂಲಗಿತ್ತಿ ಪಕ್ಕಕ್ಕೆ ಸರಿದು ನಿಂತಳು.

ಅವಳ ಹಿಂದೆ ಒಬ್ಬ ದಪ್ಪ ಮನುಷ್ಯ ಬಂದ. ಅವನ ಬಿಳಿ ಎತ್ತಿನಂಥ ಎತ್ತು ಒಂಬತ್ತೂರಲ್ಲಿ ಇನ್ನೊಂದಿರಲಿಲ್ಲ, ಅದರ ಕೊಂಬನ್ನು ಯಾರೋ ಮುರಿದಿದ್ದರು. ಅವನು ಹತ್ತಿದ, ದೂರು ಹೇಳಿದ, ನ್ಯಾಯ ಪಡೆದು ಇಳಿದ. ಅವನ ಹಿಂದೆ ಬಂದವನು ಬಣ್ಣದೊಡೆಯ. ತಿಂಗಳ ಹಿಂದೆ ತೀರ್ಪಿನವರೇ ಅವನಿಗೊಂದು ಆಜ್ಞೆ ಕಳಿಸಿದ್ದರು: ಬಾನಿಯ ನೀರನ್ನು ಮರಳಿನಲ್ಲಿ ಸೋಸಿ ಬಿಡಬೇಕು. ಅದರ ಮೇಲೆಯೇ ಅವನ ದೂರು.

"ನಿನ್ನಂತೆ ನೊಂದವರು ಇನ್ನೊಬ್ಬರಿದ್ದಾರಾ?" ಕೇಳುವಾತ ಮೂರು ಸಲ ಕೇಳಿದ.

"ಇಲ್ಲ. ನೀಲಿ ಮಾಡುವವನು ನಾನೊಬ್ಬನೇ. ಆಜ್ಞೆಯಿಂದ ನೋಯುವವನೂ ನಾನೊಬ್ಬನೇ," ಎಂದ ಬಣ್ಣದೊಡೆಯ. ಹತ್ತಿ ನಿಂತ. ಅವನ ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು. ನೀರು ಕೆಟ್ಟದ್ದು ನೀಲಿಯಿಂದಲೇ ಅಂತ ಕಂಡವರು ಯಾರು? ಮಕ್ಕಳು ಮೂಕರಾಗುವುದಕ್ಕೆ ಗಾಳಿ ಕಾರಣವೋ, ಗ್ರಹ ಕಾರಣವೋ? ತೀರ್ಪಿನವರು ತಮ್ಮ ಶಾಲು ಸರಿಮಾಡಿಕೊಂಡು ಆಜ್ಞೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದರು.

ಸೂಲಗಿತ್ತಿ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಕೆಡಿಸಿದವನು ಒಬ್ಬ, ಅದಕ್ಕೇ ಅವನು ಹತ್ತಬಹುದು. ಅದರಿಂದ ನೊಂದವರು ಲೆಕ್ಕವಿಲ್ಲದಷ್ಟು, ಅದಕ್ಕೇ ಅವರು ಹತ್ತುವಂತಿಲ್ಲ. ಅವಳಿಗೆ ಅಳು ಬರಲಿಲ್ಲ.

ಮಧ್ಯಾಹ್ನ ಕೇಳುವಾತ ಬುತ್ತಿ ಬಿಚ್ಚಲು ಅದೇ ಮೆಟ್ಟಿಲಿಗೆ ಬಂದ. ಮಗುವಿನ ತೆರೆದ ಬಾಯಿಯನ್ನು ನೋಡಿದ, ಮುಖ ತಿರುಗಿಸಿಕೊಂಡ, ಆಮೇಲೆ ಸೂಲಗಿತ್ತಿಯ ಅಂಗೈ ನೋಡಿದ.

"ಇದೇನು ತಾಯಿ, ಕೈ?"

"ಹತ್ತಾರು ವರ್ಷ ನದಿಯಲ್ಲಿ ಅದ್ದಿದ ಕೈ. ನೀಲಿಗಟ್ಟಿದೆ."

ಅವನು ದನಿ ತಗ್ಗಿಸಿದ. "ಕೇಳು. ಇಂಥ ಕೈ ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಮಕ್ಕಳ ಮಾತು ಬಿಡು. ಕೈಗೆ ಆದದ್ದಕ್ಕೆ ದೂರು ಕೊಡು. ನಿನ್ನ ಹಿತ್ತಲಿಗೊಂದು ಸಿಹಿನೀರಿನ ಬಾವಿ ತೋಡಿಸಿ ಕೊಡ್ತಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವನು ಹೋದ ಮೇಲೆ ಕುಂಬಾರರ ಸೊಸೆ ಅಂದಳು, "ಹತ್ತು ಅಜ್ಜೀ."

"ನನಗೊಬ್ಬಳಿಗೆ ಬಾವಿ ತಗೊಂಡು ನಾನೇನು ಮಾಡಲಿ?"

"ಬಾವಿ ತಗೋ ಅಂದವರು ಯಾರು? ಹತ್ತು ಅಂದೆ."

ಮಾರನೆಯ ಬೆಳಿಗ್ಗೆ ಸೂಲಗಿತ್ತಿ ಮತ್ತೆ ಬಂಡೆಯ ಬುಡಕ್ಕೆ ಬಂದಳು. ಎರಡು ಕೈಗಳನ್ನೂ ಎತ್ತಿ ಹಿಡಿದಳು.

"ನಿನ್ನಂತೆ ಕೈ ನೊಂದವರು ಇನ್ನೊಬ್ಬರಿದ್ದಾರಾ?"

ಅವಳಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ನನಗೆ ಗೊತ್ತಿಲ್ಲ," ಎಂದಳು. ಎರಡನೆಯ ಸಲವೂ ಅದೇ ಅಂದಳು. ಮೂರನೆಯ ಸಲವೂ.

ಕೇಳುವಾತ ತಲೆ ಕೆರೆದುಕೊಂಡ. "ಗೊತ್ತಿಲ್ಲ ಅಂದ್ರೆ ಅದು ಅನುಮಾನ ಆಯ್ತಲ್ಲ."

"ಅನುಮಾನ ಬಂದ್ರೆ ಯಾರ ಕಡೆಗೆ ಅಂತ ಬರೆದಿದೆ ಸ್ವಾಮಿ?"

ಅವನು ತೀರ್ಪಿನವರ ಕಡೆ ನೋಡಿದ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. "ನೀರಿನ ಕಡೆಗೆ," ಎಂದ ಕೊನೆಗೆ ಕೇಳುವಾತ.

"ನಾನು ಬಂದಿರೋದೂ ನೀರಿನ ಕಡೆಯಿಂದಲೇ," ಎಂದು ಸೂಲಗಿತ್ತಿ ಹತ್ತಿ ಎರಡು ಕುಳಿಗಳಲ್ಲಿ ಎರಡು ಪಾದ ಇಟ್ಟಳು.

ದೂರುಗಲ್ಲಿನ ಮೇಲೆ ನಿಂತವರ ಮಾತು ಮುಗಿಯುವ ತನಕ ಯಾರೂ ಅವರನ್ನು ಮುಟ್ಟುವಂತಿರಲಿಲ್ಲ. ಅವಳು ಬಾಯಿ ತೆರೆದಳು.

"ಕುಂಬಾರರ ಸೊಸೆಯ ಮಗಳು. ಬೆಳಗಿನ ಹೊತ್ತು ಹುಟ್ಟಿದಳು. ಹುಟ್ಟಿದಾಗ ಅತ್ತಳು, ಈಗ ಅಳೋದಿಲ್ಲ. ಗಾಣಿಗರ ಮನೆಯ ಅವಳಿ. ಅಕ್ಕ ಮೊದಲು, ತಮ್ಮ ಆಮೇಲೆ. ಹುಟ್ಟಿದಾಗ ಅತ್ತರು, ಈಗ ಅಳೋದಿಲ್ಲ. ಕಲ್ಲುಕುಟಿಗನ ಮಗ. ಬೆಟ್ಟದ ಮೇಲೆ ಹುಟ್ಟಿದ, ಆರು ತಿಂಗಳು ಅತ್ತ, ಈಗ ಅಳೋದಿಲ್ಲ..."

"ನಿನ್ನ ಕೈಯ ವಿಷಯ ಹೇಳಮ್ಮಾ," ಎಂದರು ತೀರ್ಪಿನವರಲ್ಲಿ ಹಿರಿಯರು.

"ಈ ಕೈಗೆ ಬಿದ್ದ ಮಕ್ಕಳ ವಿಷಯವೇ ಕೈಯ ವಿಷಯ, ಸ್ವಾಮಿ."

ಅವಳು ನಲವತ್ತೊಂದನ್ನೂ ಹೇಳಿದಳು. ಮುಗಿದ ಕೂಡಲೇ ಮೊದಲಿನಿಂದ ಶುರುಮಾಡಿದಳು. ಯಾರ ನೆತ್ತಿಯ ಮೇಲೆ ಸುಳಿ ಇತ್ತು, ಯಾರು ಕಾಲು ಮುಂದಾಗಿ ಬಂದರು, ಯಾರ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು, ಎಲ್ಲ ಹೇಳಿದಳು. ಪ್ರತಿ ಮಗುವಿನ ಕೊನೆಗೆ ಅದೇ ಮಾತು. ಹುಟ್ಟಿದಾಗ ಅತ್ತಿತು, ಈಗ ಅಳೋದಿಲ್ಲ. ಅವಳು ಇಳಿಯದೆ ಬೇರೆ ಯಾರೂ ಹತ್ತುವಂತಿಲ್ಲ. ಅವಳ ಹಿಂದೆ ದೂರು ಹೊತ್ತು ಬಂದವರ ಸಾಲು ಕಡಲವರೆಗೆ ಬೆಳೆಯಿತು. ಕುಂಬಾರರ ಸೊಸೆ ಕೋಲಿನ ತುದಿಗೆ ಗಂಜಿಯ ಪಾತ್ರೆ ಕಟ್ಟಿ ಮೇಲೆ ಕೊಡುತ್ತಿದ್ದಳು. ಸೂಲಗಿತ್ತಿ ಒಂದು ಗುಟುಕಿಗೂ ಇನ್ನೊಂದು ಗುಟುಕಿಗೂ ನಡುವೆ ಒಂದು ಮಗುವಿನ ಮಾತು ಹೇಳುತ್ತಿದ್ದಳು.

ಎರಡನೆಯ ದಿನ ಬಣ್ಣದೊಡೆಯ ಬಂಡೆಯ ಬುಡಕ್ಕೆ ಬಂದ. "ಅಜ್ಜೀ, ನೀವು ಉಟ್ಟಿರೋದು ಯಾವ ಸೀರೆ ಅಂತ ನೋಡಿಕೊಂಡಿದ್ದೀರಾ?" ಎಂದು ಜೋರಾಗಿ ಕೇಳಿದ. ಕೆಲವರು ನಕ್ಕರು.

ಸೂಲಗಿತ್ತಿ ತನ್ನ ನೀಲಿ ಸೆರಗನ್ನು ನೋಡಿಕೊಂಡಳು. ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಅವಳ ಪಾದ ಕುಳಿಯಿಂದ ಮೇಲೇಳಲಿಲ್ಲ.

"ನೋಡಿಕೊಂಡಿದ್ದೀನಪ್ಪಾ. ನಿನ್ನ ನೀಲಿಯೇ. ಚೆನ್ನಾಗಿದೆ ಅಂತ ಆಸೆಪಟ್ಟು ತಂದೆ. ಆ ಮೂರು ಚೊಂಬು ನೀರು ಹೊಯ್ದದ್ದೂ ನಾನೇ. ತಪ್ಪು ನಂದೂ ಇದೆ. ತಪ್ಪಿರೋದಕ್ಕೇ ಇಳಿಯೋದಿಲ್ಲ. ನೀನು ಯಾವತ್ತು ಹೀಗೆ ನಿಂತು ನಿನ್ನ ತಪ್ಪು ಹೇಳ್ತೀಯೋ, ಅವತ್ತು ನಾನು ನಿನಗೆ ಜಾಗ ಬಿಡ್ತೀನಿ."



ಮೂರನೆಯ ದಿನ ಅವಳ ಮಾತು ದಂಡೆಗುಂಟ ಮೇಲಕ್ಕೆ ಹತ್ತಿತ್ತು. ಎಂಟನೆಯ ಊರಿನ ಹೆಂಗಸರು ಕೂಸು ಹೊತ್ತು ಬಂದರು, ಏಳನೆಯ ಊರಿನವರು ಬಂದರು, ಆರನೆಯ ಊರಿನವರು ಬಂದರು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಮಕ್ಕಳ ತೆರೆದ ಬಾಯಿ ಮಾತ್ರ ಎಲ್ಲರಿಗೂ ಅರ್ಥವಾಯಿತು. ಆ ಗುಂಪಿನಲ್ಲಿ ಮೂವರು ಮುದುಕಿಯರು ಮುಂದೆ ಬಂದು ಸೂಲಗಿತ್ತಿಗೆ ಕಾಣುವಂತೆ ಕೈಯೆತ್ತಿದರು. ಮೂವರೂ ಸೂಲಗಿತ್ತಿಯರು. ಆರು ಅಂಗೈಗಳೂ ನೀಲಿ.

ಸೂಲಗಿತ್ತಿಗೆ ಎದೆ ತುಂಬಿ ಬಂತು. ಅದೇ ಗಳಿಗೆಯಲ್ಲಿ ಕೇಳುವಾತ ಕೋಲನ್ನು ನೆಲಕ್ಕೆ ಕುಟ್ಟಿದ. "ಇಳಿ ತಾಯಿ. ನಿನ್ನಂಥವರು ಬಂದುಬಿಟ್ರು. ಇನ್ನು ನಿನಗೆ ಅಲ್ಲಿ ಜಾಗ ಇಲ್ಲ."

"ಒಬ್ಬಳೇ ಇದ್ದಾಗ ಹತ್ತಿಸಿದಿರಿ. ನಾಲ್ವರಾದ ಕೂಡಲೆ ಇಳಿ ಅಂತೀರಿ. ನೋವು ನಾಲ್ಕು ಪಟ್ಟು ಬೆಳೆದರೆ ನಿಮ್ಮ ಕಣ್ಣಿಗೆ ಮಾಯವಾಗಿಬಿಡುತ್ತಾ? ಇಳಿಯೋದಿಲ್ಲ."

"ಕಟ್ಟಳೆ ತಾಯಿ ಅದು!"

"ನೀರು ಕಾಯೋದಕ್ಕೆ ಮಾಡಿದ ಕಟ್ಟಳೆ. ನೀರು ಕೆಡಿಸಿದವನನ್ನ ಕಾಯ್ತಾ ಕೂತಿದೆ. ನಾನು ಇಳಿಯೋದಿಲ್ಲ."

ಹಿರಿಯ ತೀರ್ಪಿನವರು ಎದ್ದು ನಿಂತರು. "ಕೇಳು," ಎಂದು ಕೇಳುವಾತನಿಗೆ ಅಪ್ಪಣೆ ಮಾಡಿದರು. "ಮೂರು ಸಲ ಕೇಳು. ಮೂರನೆಯದಕ್ಕೆ ಇಳಿಸು."

"ನಿನ್ನಂತೆ ನೊಂದವರು ಇನ್ನೊಬ್ಬರಿದ್ದಾರಾ?"

"ಇದ್ದೀವಿ," ಎಂದಳು ಕೆಳಗಿನಿಂದ ಕುಂಬಾರರ ಸೊಸೆ. ಅವಳ ಪಕ್ಕದವಳು ತನ್ನ ಭಾಷೆಯಲ್ಲಿ ಅದನ್ನೇ ಅಂದಳು. ಇನ್ನೊಬ್ಬಳು ಇನ್ನೊಂದು ಭಾಷೆಯಲ್ಲಿ.

"ನಿನ್ನಂತೆ ನೊಂದವರು ಇನ್ನೊಬ್ಬರಿದ್ದಾರಾ?"

ಈ ಸಲ ದಂಡೆಗೆ ದಂಡೆಯೇ "ಇದ್ದೀವಿ" ಅಂದಿತು. ಸಾಲಿನಲ್ಲಿ ನಿಂತಿದ್ದ ದೂರುದಾರರೂ ಅಂದರು. ಬೆಸ್ತರು ದೋಣಿಗಳಿಂದ ಅಂದರು.

ಮೂರನೆಯ ಸಲ ಕೇಳುವಾತ ಬಾಯಿ ತೆರೆದ. ಬಾಯಿ ತೆರೆದೇ ಇತ್ತು. ಅವನ ಕೊರಳ ನರ ಉಬ್ಬಿತು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ದನಿ ಬರಲಿಲ್ಲ. ಒಂಬತ್ತನೆಯ ಊರಿನಲ್ಲೇ ಹುಟ್ಟಿ, ಎಂಟೂರುಗಳ ಕೆಳಗಿನ ನೀರನ್ನು ದಿನಾ ಕುಡಿದವನು ಅವನು. ಕೋಲು ಕೈಯಿಂದ ಜಾರಿತು. ತನ್ನ ಕೊರಳನ್ನು ತಾನೇ ಹಿಡಿದುಕೊಂಡು ತೀರ್ಪಿನವರ ಕಡೆ ತಿರುಗಿದ.

ಮೂವರು ತೀರ್ಪಿನವರೂ ತಮ್ಮ ಮುಂದಿದ್ದ ನೀರಿನ ಲೋಟಗಳನ್ನು ದೂರ ಸರಿಸಿದರು. ನೂರಾರು ಮಕ್ಕಳ ದನಿ ಹೋದಾಗ ಅಲುಗಾಡದವರು ಒಬ್ಬ ಮುದುಕನ ದನಿ ಹೋದಾಗ ಅಲುಗಿದರು. ಸೂಲಗಿತ್ತಿ ಅದನ್ನು ಮೇಲಿನಿಂದ ಕಂಡಳು, ಅವಳಿಗೆ ಅಸಹ್ಯವಾಯಿತು. ಆದರೂ ಮಾತು ನಿಲ್ಲಿಸಲಿಲ್ಲ. "ಕೇಳುವಾತ," ಎಂದು ಸೇರಿಸಿದಳು. "ಯಾವ ತಾಯಿ ಹೆತ್ತಳೋ ನನಗೆ ಗೊತ್ತಿಲ್ಲ. ಹುಟ್ಟಿದಾಗ ಅತ್ತ, ಈಗ ಅಳೋದಿಲ್ಲ."

ಬಿಸಿಲು ಇಳಿಯುವ ಮೊದಲೇ ತೀರ್ಪಾಯಿತು. ಅನುಮಾನ ಕಳೆಯುವ ತನಕ ಬಾನಿಗಳನ್ನು ಮಗುಚಿ ಇಡತಕ್ಕದ್ದು. ಬಣ್ಣದೊಡೆಯ ತನ್ನ ಆಳುಗಳೊಂದಿಗೆ ಮೂರನೆಯ ಊರಿನಿಂದ ಕಡಲಿನವರೆಗೆ ನದಿಯ ತಳವನ್ನು ತೊಳೆಯತಕ್ಕದ್ದು. ನಾಲ್ಕನೆಯ ಮಾತನ್ನು ಅಳಿಸಬೇಕೆಂದು ಸೂಲಗಿತ್ತಿ ಕೇಳಿದಳು. ಅದಾಗದು, ಕಲ್ಲಿನಲ್ಲಿ ಕೆತ್ತಿದ್ದು, ಈ ಒಂದು ಸಲಕ್ಕೆ ಕಣ್ಣು ಮುಚ್ಚಿದ್ದೇವೆ, ಎಂದರು ಅವರು.

"ಹಾಗಾದರೆ ಮುಂದಿನ ಸಲವೂ ಬರ್ತೀವಿ," ಎಂದು ಸೂಲಗಿತ್ತಿ ಇಳಿದಳು. ಇಳಿದ ಕಾಲು ನೆಲ ಹಿಡಿಯಲಿಲ್ಲ. ಮೂವರು ನೀಲಿ ಕೈಯವರು ಅವಳನ್ನು ಹಿಡಿದುಕೊಂಡರು.

ಬಣ್ಣದೊಡೆಯ ಮೊಣಕಾಲುದ್ದ ನೀರಿನಲ್ಲಿ ನಿಂತು ಕಲ್ಲು ಉಜ್ಜಿದ್ದನ್ನು ಒಂಬತ್ತೂರಿನವರೂ ನೋಡಿದರು. ಎರಡು ಮಳೆಗಾಲ ಕಳೆದ ಮೇಲೆ ಹುಟ್ಟಿದ ಮಕ್ಕಳು ಮೂರು ಚೊಂಬು ನೀರಿಗೆ ಕಿರುಚಿದವು. ಹೋದ ದನಿಗಳು ಮಾತ್ರ ತಿರುಗಿ ಬರಲಿಲ್ಲ. ನಲವತ್ತೊಂದು ಮಕ್ಕಳೂ ಮೂಕರಾಗಿಯೇ ಬೆಳೆದರು. ಅವರು ಕೈಯಿಂದಲೇ ಜಗಳವಾಡಿದರು, ಕೈಯಿಂದಲೇ ನಕ್ಕರು. ಸೂಲಗಿತ್ತಿ ಅವರ ಕೈಮಾತನ್ನು ಒಂದೊಂದಾಗಿ ಕಲಿತಳು. ತೀರ್ಪನ್ನು ಹೊಗಳಿ ಯಾರಾದರೂ ಮಾತಾಡಿದರೆ ಎದ್ದು ಹೋಗುತ್ತಿದ್ದಳು.

ಹನ್ನೆರಡನೆಯ ವರ್ಷ ಸುದ್ದಿ ಬಂತು. ಬಣ್ಣದೊಡೆಯ ಮತ್ತೆ ದೂರುಗಲ್ಲು ಹತ್ತಿದ್ದಾನೆ, ಬಾನಿಗಳನ್ನು ಎತ್ತಿ ನಿಲ್ಲಿಸಲು ಅಪ್ಪಣೆ ಕೇಳಿದ್ದಾನೆ, ತೀರ್ಪಿನವರು ಕಿವಿಗೊಟ್ಟಿದ್ದಾರೆ. ಸೂಲಗಿತ್ತಿಗೆ ಆಗ ನಡೆಯಲು ಆಗುತ್ತಿರಲಿಲ್ಲ. ಗೋಡೆ ಹಿಡಿದು ಹೊಸ್ತಿಲವರೆಗೆ ಬಂದಳು. ಅಂಗಳದಲ್ಲಿ ನಲವತ್ತೊಂದು ಮಂದಿಯೂ ಬುತ್ತಿ ಕಟ್ಟಿಕೊಂಡು ನಿಂತಿದ್ದರು. ಕುಂಬಾರರ ಸೊಸೆಯ ಮಗಳು ಮುಂದೆ ಇದ್ದಳು. ತನ್ನ ಎದೆ ತಟ್ಟಿಕೊಂಡಳು, ಎಲ್ಲರನ್ನೂ ತೋರಿಸಿದಳು, ಹೊಳೆ ಇಳಿಯುವ ದಿಕ್ಕಿಗೆ ಕೈ ಚಾಚಿದಳು. ಆಮೇಲೆ ಎರಡೂ ಪಾದಗಳನ್ನು ಊರಿ ನಿಂತು ತೋರಿಸಿದಳು.

"ಆಗಲ್ಲ ಕಣೇ," ಎಂದಳು ಸೂಲಗಿತ್ತಿ. "ಅಲ್ಲಿ ಬಾಯಿಬಿಟ್ಟು ಹೇಳಬೇಕು. ನಿಮ್ಮ ಕೈಮಾತು ಅವರಿಗೆ ಬರೋದಿಲ್ಲ. ಏನು ಮಾಡ್ತೀರಿ?"

ಹುಡುಗಿ ಮುದುಕಿಯ ಮುಖವನ್ನೇ ನೋಡಿದಳು. ಬಲಗೈಯನ್ನು ಹಣೆಗೆ ಮುಟ್ಟಿಸಿ, ಬೆರಳು ಬಿಡಿಸಿ, ಮುಂದಕ್ಕೆ ಎಸೆದಳು.

ಆ ಕೈಮಾತು: ಅವರು ಕಲೀಲಿ.